ದತ್ತುಮಾವ ಯಾವ ಬದಿಗೆ ತಿರುಗಿಸಿದ

ಬ್ರೇಕ್ ಕಾದ ವಾಸನೆ ನಿಮಗೆ ಗೊತ್ತಿರಬಹುದು. ಸುಟ್ಟ ರಬ್ಬರಿಗೂ ಒಲೆಯ ಮೇಲೆ ಮರೆತ ಕಬ್ಬಿಣದ ಬಾಣಲೆಗೂ ಹುಟ್ಟಿದ ಕೂಸಿನಂಥ ವಾಸನೆ ಅದು. ಮೊನ್ನೆ ಕುಮಟಾದಲ್ಲೊಂದು ಗೃಹಪ್ರವೇಶದ ಫೋಟೊ ತೆಗೆಯಲು ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿಯುತ್ತಿದ್ದೆ. ಐದಾರು ತಿರುವು ಕಳೆಯುವಷ್ಟರಲ್ಲಿ ಆ ವಾಸನೆ ಕಿಟಕಿಯಿಂದ ಒಳಗೆ ಬಂದು, ಟಿಕೆಟ್ಟೂ ತೆಗೆಸದೆ ನನ್ನ ಪಕ್ಕದಲ್ಲೇ ಕುಳಿತಿತು. ಉಳಿದವರು ಸೆರಗು, ಕರ್ಚೀಫು, ಮಡಚಿದ ಪೇಪರು, ಕೈಗೆ ಸಿಕ್ಕಿದ್ದನ್ನು ಮೂಗಿಗೆ ಒತ್ತಿಕೊಂಡರು. ನಾನೊಬ್ಬ ಮೂಗು ಅರಳಿಸಿಕೊಂಡು ಕೆನಡಾಕ್ಕೆ ಹೋಗಿಬಿಟ್ಟೆ.

ಕೆನಡಾ ಎಂದರೆ ಬೇರೆಯವರಿಗೆ ಹಿಮ ನೆನಪಾಗುತ್ತದೆ, ಕೆಂಪು ಎಲೆ ನೆನಪಾಗುತ್ತದೆ. ನನಗೆ ನೆನಪಾಗುವುದು ಬ್ರೇಕು. ಹೋದ ಜೂನಿನಲ್ಲಿ ಆ ದೇಶದ ಪಶ್ಚಿಮ ತುದಿಯ ನದಿ ಕಣಿವೆಗಳಲ್ಲಿ, ಬೆಟ್ಟಗಳ ನಡುವೆ ಆರು ದಿನ ಕಾರಿನಲ್ಲಿ ತಿರುಗಿದ್ದೇನೆ. ಇದನ್ನು ಶಿರಸಿಯಲ್ಲಿ ಹೇಳಿದರೆ ಜನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದು ಯಾರ ಮಿಮಿಕ್ರಿ?" ಎನ್ನುತ್ತಾರೆ. ತಪ್ಪು ಅವರದಲ್ಲ.

ನಾನು ಶಿರಸಿಯ ಒಂದು ಫೋಟೊ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೇನೆ. ಅದು ಹೊಟ್ಟೆಪಾಡು. ನಿಜವಾದ ಕಸುಬು ಬೇರೆಯವರ ಧ್ವನಿ ಕದಿಯುವುದು. ಯಲ್ಲಾಪುರ ಬಸ್ಸಿನ ಕಂಡಕ್ಟರು ಕಾಲೇಜು ಹುಡುಗಿಯರಿಗೆ ಒಂದು ದನಿಯಲ್ಲಿ, ನಮಗೆ ಇನ್ನೊಂದು ದನಿಯಲ್ಲಿ "ಹಿಂದೆ ಹೋಗಿ" ಎನ್ನುವುದು. ಮಂತ್ರದ ನಡುವೆ ಫೋನ್ ಬಂದರೆ ಭಟ್ಟರು ಸ್ವರ ತಪ್ಪದಂತೆ "ಹನ್ನೊಂದೂವರೆಗೆ ಬತ್ತೀ" ಎಂದು ಅದರೊಳಗೇ ಸೇರಿಸುವುದು. ಬನವಾಸಿ ರಸ್ತೆಯ ಅನಾನಸು ವ್ಯಾಪಾರಿ "ಬರ್ರಿ, ಹೆಚ್ಚಿ ಕೊಡ್ಲೇನ್ರಿ, ಹಂಗ ಒಯ್ತೀರೇನ್ರಿ" ಎಂದು ಕೇಳುತ್ತಲೇ ಹೆಚ್ಚಿ ಮುಗಿಸಿರುವುದು. ಎಲ್ಲ ನನ್ನ ಗಂಟಲಲ್ಲಿವೆ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿ ಏಳುವ ಹೊತ್ತಿಗೆ ಯಾರಾದರೊಬ್ಬರು "ತಮಾ, ಒಂದು ಬಿಡು" ಎನ್ನುತ್ತಾರೆ. ನಾನು ಬಿಡುತ್ತೇನೆ. ಎರಡನೇ ಸಲ ಹೇಳಿಸಿಕೊಂಡ ನೆನಪಿಲ್ಲ.

ಈ ಅಂಗಡಿಯಲ್ಲಿ ಅತಿ ಹೆಚ್ಚು ಓಡಿದ ಸರಕು 'ದತ್ತಣ್ಣ ಘಟ್ಟ ಇಳಿದದ್ದು'. ದತ್ತಣ್ಣ ಎಂದರೆ ಅಮ್ಮನ ದೊಡ್ಡಪ್ಪನ ಮಗ, ನನಗೆ ದತ್ತುಮಾವ. ಮನೆ ಸಿದ್ದಾಪುರ ತಾಲೂಕಿನ ಮನ್ಮನೆ ಹತ್ತಿರ. ಮೂವತ್ತು ವರ್ಷ ಟೆಂಪೊ ಓಡಿಸಿದವನು. ನಮ್ಮ ಕಡೆಯ ಅರ್ಧ ಜನ ಸಮುದ್ರ ಕಂಡಿದ್ದು, ಶಿರಡಿ ಕಂಡಿದ್ದು, ಹೆಣ್ಣು ನೋಡಿದ್ದು ಅವನ ಗಾಡಿಯಲ್ಲೇ. ತಿರುವು ಬಂದರೆ ಗಾಡಿಯೊಡನೆ ಮಾತಾಡುವ ಅಭ್ಯಾಸ ಅವನದು: "ಹೂಂ ತಂಗಿ, ನಿಧಾನ, ಯಾರೂ ಅಟ್ಟಿಸ್ಕಂಡು ಬತ್ತ್ವಿಲ್ಲೆ." ಎಡಗೆನ್ನೆಯಲ್ಲಿ ಸದಾ ಕವಳ. ಎಲೆ, ಅಡಿಕೆ, ತಂಬಾಕು, ಸುಣ್ಣ ಸೇರಿದ ಆ ಉಂಡೆಯಿಂದಾಗಿ ಅವನ ಮಾತೆಲ್ಲ ಗಡಿಗೆಯೊಳಗಿಂದ ಬಂದಂತೆ ಕೇಳುತ್ತಿತ್ತು. ಮಿಮಿಕ್ರಿಯವನಿಗೆ ಇನ್ನೇನು ಬೇಕು ಹೇಳಿ.

ಮೂರು ವರ್ಷದ ಹಿಂದೆ ಕುಮಟಾ ಕಡೆಗೊಂದು ಮದುವೆ ದಿಬ್ಬಣ ಹೊತ್ತು ದೇವಿಮನೆ ಇಳಿಯುವಾಗ ಅವನ ಟೆಂಪೊ ಗಟಾರಕ್ಕೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮದುಮಗ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಮಂಟಪಕ್ಕೆ ಬಂದ, ಮುಹೂರ್ತ ಮೀರಿತು, ಭಟ್ಟರು ಇನ್ನೊಂದು ಮುಹೂರ್ತ ಹುಡುಕಿ ಕೊಟ್ಟರು. ನಾನು ಕ್ಯಾಮರಾ ಹಿಡಿದು ಮಂಟಪದಲ್ಲೇ ಇದ್ದೆ. ಊಟವಾದ ಮೇಲೆ "ಒಂದು ಬಿಡು" ಬಂತು. ಬಿಸಿಬಿಸಿಯಾಗಿ ಬಿಟ್ಟೆ. ದತ್ತಣ್ಣ ಗಾಡಿಯನ್ನು ತಂಗಿ ಎನ್ನುತ್ತಾನೆ, ಕವಳ ಉಗುಳಲು ಬಲಗಡೆ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾನೆ, ತಲೆಯ ಹಿಂದೆ ಕೈ, ಕೈಯ ಹಿಂದೆ ಸ್ಟೇರಿಂಗು, ಸ್ಟೇರಿಂಗಿನ ಹಿಂದೆ ದಿಬ್ಬಣ, ಎಲ್ಲರೂ ಸಾಲಾಗಿ ಗಟಾರಕ್ಕೆ. ಉಗುಳಿದ್ದನ್ನು ನಾನು ನೋಡಿರಲಿಲ್ಲ. ನೋಡಿದ್ದೇನೆ ಎಂದು ಹೇಳಿಯೂ ಇರಲಿಲ್ಲ. ಮಾಡಿದೆ, ಅಷ್ಟೆ. ಮಜ್ಜಿಗೆ ಬಡಿಸುತ್ತಿದ್ದವನು ನಗುವಿನ ರಭಸಕ್ಕೆ ಮದುಮಗಳ ಸೋದರಮಾವನ ತೊಡೆಗೇ ಬಡಿಸಿದ. ಅದು ನನ್ನ ಜೀವನದ ದೊಡ್ಡ ಪ್ರಶಸ್ತಿ.

ಈಗ ಕೆನಡಾ. ದತ್ತುಮಾವನ ಮಗಳು ವಿನಯಾ, ಮದುವೆಯಾಗಿ ಹೋದವಳು, ಅಲ್ಲಿ ಫ್ರೇಸರ್ ನದಿ ಬಯಲಿನ ಒಂದು ಗಿಡದ ನರ್ಸರಿಯಲ್ಲಿ ಕೆಲಸ ಮಾಡುತ್ತಾಳೆ. ಅಪ್ಪ ಅಮ್ಮನನ್ನು ಕರೆಸಿಕೊಳ್ಳಬೇಕೆಂದು ಅವಳಿಗೆ ಹಟ. ಇಬ್ಬರೇ ವಿಮಾನ ಹತ್ತಲು ಮಾವನ ಹೆಂಡತಿ ಸರಸತ್ತೆ ಒಪ್ಪಲಿಲ್ಲ. "ಇಂಗ್ಲಿಷ್ ಬಪ್ಪವ ಒಬ್ಬ ಬೇಕು." ಮನೆತನವನ್ನೆಲ್ಲ ಜಾಲಾಡಿ ನನ್ನನ್ನು ಆರಿಸಿದರು. ನನ್ನ ಇಂಗ್ಲಿಷ್ ಹೇಗೆಂದರೆ, ಉಚ್ಚಾರ ಪೂರ್ತಿ ಇದೆ, ಭಾಷೆ ಸ್ವಲ್ಪ ಕಡಿಮೆ. ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಏನೋ ಕೇಳಿದ. ಹೆದರಿಕೆಗೆ ನನ್ನ ಬಾಯಿಂದ ಗಗನಸಖಿಯ ದನಿಯೇ ಹೊರಬಿತ್ತು; ಸೀಟ್ ಬೆಲ್ಟ್ ಕಟ್ಟಿಕೊಳ್ಳಬೇಕೆಂದು ಅವನಿಗೆ ವಿನಯದಿಂದ ಸೂಚಿಸಿದೆ. ಅವನು ಮೂರೂ ಪಾಸ್‌ಪೋರ್ಟುಗಳನ್ನು ಎರಡೆರಡು ಸಲ ನೋಡಿದ. ಹಿಂದಿನಿಂದ ಸರಸತ್ತೆ, "ಎಷ್ಟು ಚೊಲೋ ಮಾತಾಡ್ತ ನೋಡಿ" ಎಂದಳು.

ಅಲ್ಲೇ ಒಂದು ವಿಚಿತ್ರ ನಡೆಯಿತು. ಮಾವನ ಚೀಲದಲ್ಲಿ ಅಡಿಕೆ ಸಿಕ್ಕಿಬೀಳುತ್ತದೆ, ಅದರ ಮೇಲೊಂದು ಹೊಸ ಸರಕು ತಯಾರಾಗುತ್ತದೆ ಎಂದು ನಾನು ಕಾದೇ ಕಾದೆ. ಒಂದು ಹೋಳೂ ಇರಲಿಲ್ಲ. ಆಗಲೇ ನಾನು ಗಮನಿಸಿದ್ದು, ಕೆನ್ನೆ ಚಪ್ಪಟೆ, ಮಾತು ಸ್ಪಷ್ಟ. ವಿದೇಶಕ್ಕೆ ಹೆದರಿದ್ದಾನೆ ಎಂದುಕೊಂಡೆ. ಮಿಮಿಕ್ರಿಯವನಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ವಿನಯಾಳ ಗಂಡನಿಗೆ ರಜೆ ಸಿಗಲಿಲ್ಲ. ಅವಳೇ ಕಾರು ಹೊರಡಿಸಿದಳು. ಅಲ್ಲಿ ಡ್ರೈವರ್ ಕೂರುವುದು ಎಡಗಡೆ, ರಸ್ತೆಯಲ್ಲಿ ಹೋಗುವುದು ಬಲಗಡೆ. ಹಾಗಾಗಿ ಮಾವನಿಗೆ ಸಿಕ್ಕಿದ್ದು ಮುಂದಿನ ಬಲಗಡೆ ಸೀಟು. ಮೂವತ್ತು ವರ್ಷ ಕೂತ ಜಾಗವೇ. ಎದುರಿಗೆ ಸ್ಟೇರಿಂಗ್ ಮಾತ್ರ ಇಲ್ಲ. ಮೊದಲ ತಿರುವಿಗೇ ಅವನ ಬಲಗಾಲು ಮ್ಯಾಟನ್ನು ಒತ್ತಿತು. ಎರಡನೇ ತಿರುವಿಗೆ ಎಡಗೈ ಗೇರು ಹುಡುಕಿ, ಮಗಳ ನೀರಿನ ಬಾಟ್ಲಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಅಂತರರಾಷ್ಟ್ರೀಯ ಲೈಸೆನ್ಸು ಮಾಡಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ.

"ಕೂಸೇ, ಒಂದು ಘಟ್ಟ ಆನು ಬಿಡ್ತಿ" ಎಂದ.

"ಬ್ಯಾಡ ಅಪ್ಪ. ಇಲ್ಲೆಲ್ಲ ಉಲ್ಟಾ."

"ಉಲ್ಟಾ ರಸ್ತೆ ಮಾತ್ರ ಅಲ್ದ. ಇಳಿಜಾರು ಎಲ್ಲಾ ಕಡೆಗೂ ಕೆಳಗೇ ಇರ್ತು."

ಅವಳು ಸ್ಟೇರಿಂಗ್ ಕೊಡಲಿಲ್ಲ. ಹೆದರಿದ್ದು ರಸ್ತೆಗೋ ಅಪ್ಪನಿಗೋ ತಿಳಿಯಲಿಲ್ಲ. ಕುಮಟಾದ ಮದುವೆಯ ಸುದ್ದಿ ಅವಳಿಗೂ ಮುಟ್ಟಿತ್ತು. ನಾನು ಮಾಡಿದ್ದರ ವಿಡಿಯೊ ಫ್ಯಾಮಿಲಿ ಗ್ರೂಪಿನಲ್ಲಿ ಬಿದ್ದಿತ್ತಲ್ಲ.

ಎರಡು ದಿನ ಫ್ರೇಸರ್ ನದಿಯ ಜೊತೆಗೇ ಹೋದೆವು. ಅದು ಮಳೆಗಾಲದ ಹೊಳೆಯ ಬಣ್ಣದ್ದು, ಬಂಡೆಗಳನ್ನು ಸೀಳಿಕೊಂಡು, ಯಾರ ಮೇಲೋ ಸಿಟ್ಟಿದ್ದಂತೆ ಹರಿಯುತ್ತದೆ. ಲಿಟನ್ ಎಂಬಲ್ಲಿ ಥಾಮ್ಸನ್ ಎನ್ನುವ ಇನ್ನೊಂದು ನದಿ, ತಿಳಿ ಹಸಿರು, ಬಂದು ಅದನ್ನು ಸೇರುತ್ತದೆ. ಸ್ವಲ್ಪ ದೂರ ಎರಡೂ ಬಣ್ಣ ಬೇರೆಬೇರೆಯಾಗಿಯೇ ಹರಿಯುತ್ತವೆ. ನಾನು ಕ್ಯಾಮರಾ ತೆಗೆದೆ. ಸರಸತ್ತೆ ಕಣ್ಣು ಕಿರಿದು ಮಾಡಿ ನೋಡಿ, "ಹೊಸ ಸೊಸೆ ಮನೆಗೆ ಬಂದಾಂಗೆ ಇದ್ದು. ಕೂಡ್ತು, ಸ್ವಲ್ಪ ತಡ ಆಗ್ತು" ಎಂದಳು.

ನಮ್ಮ ಜನ ಪರದೇಶ ನೋಡುವ ಕ್ರಮ ನಿಮಗೆ ಗೊತ್ತೇ ಇದೆ. ಕಂಡಿದ್ದನ್ನೆಲ್ಲ ಊರಿನದಕ್ಕೆ ಹೋಲಿಸಿ, ಊರಿನದೇ ವಾಸಿ ಎಂದು ತೀರ್ಪು ಕೊಟ್ಟು, ಆಮೇಲೆ ಅದರ ಎದುರು ನಿಂತು ಇಪ್ಪತ್ತು ಫೋಟೊ ತೆಗೆಸಿಕೊಳ್ಳುವುದು. ರೆವೆಲ್‌ಸ್ಟೋಕ್ ಎಂಬ ಊರು ದಾಟಿದ ಮೇಲೆ ಬೆಟ್ಟಗಳು ತಲೆಯ ಮೇಲೇ ಬಂದು ನಿಂತವು, ಜೂನಿನಲ್ಲೂ ಹೆಗಲ ತುಂಬ ಹಿಮ. ಸರಸತ್ತೆ "ಎತ್ತರ ಇದ್ದು, ಸಮ. ಮರ ಎಲ್ಲ ಒಂದೇ ನಮೂನೆ" ಎಂದು ಅರ್ಧ ಅಂಕ ಕಳೆದಳು. ಲೂಯಿಸ್ ಸರೋವರದ ನೀಲಿ ನೋಡಿ ಮಾತ್ರ ಸೋತಳು. ನೀರಿಗೆ ಬೆರಳು ಅದ್ದಿ ಪರೀಕ್ಷಿಸಿ, "ನಂಬಲಾಗ್ತಿಲ್ಲೆ, ಯಾರೋ ನೀಲಿ ಹಾಕಿದ್ದ" ಎಂದಳು. ಗ್ರೂಪಿಗೆ ಫೋಟೊ ಕಳಿಸಿದೆ. ಶಿರಸಿಯಿಂದ ಉತ್ತರ ಬಂತು: ಚೊಲೋ ಎಡಿಟ್ ಮಾಡಿದ್ದೆ.

ನಾನು ದಿನವಿಡೀ ಹಿಂದಿನ ಸೀಟಿನಲ್ಲಿ ಎಲ್ಲರನ್ನೂ ಅಣಕಿಸುತ್ತಿದ್ದೆ. ದಾರಿ ಹೇಳುವ ಫೋನಿನ ಹೆಂಗಸಿನ ದನಿಯಲ್ಲಿ ಸರಸತ್ತೆಗೆ ಅವಲಕ್ಕಿ ಡಬ್ಬಿ ಎಡಕ್ಕೆ ತಿರುಗಿಸಲು ಹೇಳುತ್ತಿದ್ದೆ. ಅವಳು ನಗುತ್ತಿದ್ದಳು, ವಿನಯಾ ನಗುತ್ತಿದ್ದಳು. ಮಾವ ನಗುತ್ತಿರಲಿಲ್ಲ ಎನ್ನುವುದು ನನಗೆ ಗೊತ್ತಾದದ್ದು ನಾಲ್ಕನೇ ದಿನ.

ಆ ದಿನ ಒಂದು ದೊಡ್ಡ ಇಳಿಜಾರಿನಲ್ಲಿ, ಹೆದ್ದಾರಿಯಿಂದ ಕವಲೊಡೆದು ಒಂದು ರಸ್ತೆ ಗುಡ್ಡದ ಮೈಗೆ ಏರಿ, ಅರ್ಧಕ್ಕೇ ನಿಂತಿದ್ದು ಕಂಡಿತು. ಡಾಂಬರು ಇಲ್ಲ, ಸಡಿಲ ಜಲ್ಲಿ ರಾಶಿ. ಎಲ್ಲಿಗೂ ಹೋಗದ ರಸ್ತೆ. ಕಂತ್ರಾಟುದಾರ ಬಿಲ್ಲು ಮಾಡಿಕೊಂಡು ಓಡಿರಬೇಕು ಎಂದೆ ನಾನು.

"ಅಲ್ದ, ಅದು ಬ್ರೇಕ್ ಹೋದ ಗಾಡಿಗೆ" ಎಂದಳು ವಿನಯಾ. "ಲಾರಿಯವ್ವು ಅದಕ್ಕೆ ನುಗ್ಗಿಸ್ತ. ಜಲ್ಲೀಲಿ ಹೂತು ನಿಂತ್ಕತ್ತು."

ಮಾವ ಕುತ್ತಿಗೆ ತಿರುಗಿಸಿ, ಅದು ಮರೆಯಾಗುವವರೆಗೂ ನೋಡಿದ. "ನುಗ್ಗಿಸಿದವನ್ನ ಎಂತ ಮಾಡ್ತ?"

"ಎಂತ ಮಾಡ್ತ? ಕ್ರೇನ್ ತಂದು ಎತ್ತತ."

"ಬೈತ್ವಿಲ್ಯ?"

"ಅದಕ್ಕೇ ಹೇಳಿ ಮಾಡಿಟ್ಟಿದ್ದು ಅಪ್ಪ. ಎಂತಕ್ಕೆ ಬೈತ?"

ಆಮೇಲೆ ಮಾವ ಪ್ರತಿ ಇಳಿಜಾರಿನಲ್ಲೂ ಅಂಥದೇ ಜಲ್ಲಿ ದಾರಿ ಹುಡುಕುತ್ತ ಕೂತ. ಕಾಲು ಮ್ಯಾಟು ಒತ್ತುತ್ತಲೇ ಇತ್ತು.

ಮರಳುವ ದಾರಿ ಕೊಕ್ವಿಹಾಲಾ ಎಂಬ ಬೆಟ್ಟದ ಹೆದ್ದಾರಿ. ಅದರ ನೆತ್ತಿಯಲ್ಲಿ, ಬೋಳು ಬಂಡೆಯ ಬೆಟ್ಟವೊಂದರ ಬುಡದಲ್ಲಿ, ವಿಶಾಲವಾದ ಅಂಗಳವಿದೆ. ಇಳಿಯುವ ಮೊದಲು ಪ್ರತಿ ಲಾರಿಯೂ ಅಲ್ಲಿ ನಿಂತು ಬ್ರೇಕು ನೋಡಿಕೊಳ್ಳಲೇಬೇಕೆಂದು ಕಾನೂನು. ಸರಸತ್ತೆಗೆ ಶೌಚಾಲಯ ಬೇಕಿತ್ತು, ನಿಲ್ಲಿಸಿದೆವು. ಡ್ರೈವರುಗಳು ಇಳಿದು, ಒಂದೊಂದೇ ಗಾಲಿಯ ಹತ್ತಿರ ಬಗ್ಗಿ, ಮುಟ್ಟಿ, ಸುತ್ತು ಬರುತ್ತಿದ್ದರು. ನಮ್ಮಲ್ಲಿ ಘಟ್ಟದ ತಲೆಯಲ್ಲಿ ಗಾಡಿ ನಿಲ್ಲಿಸಿ ದೇವಿಗೆ ಸುತ್ತು ಬರುವ ಹಾಗೆಯೇ. ಅಲ್ಲಿ ಆ ಕಾದ ವಾಸನೆ ಇತ್ತು. ಮಾವ ಕಾರಿನಿಂದ ಇಳಿದು, ಕರೆಯದೇ ಹೋಗಿ ಒಂದು ಲಾರಿಯ ಎದುರು ನಿಂತ.

ಲಾರಿಯವನು ಬಿಳಿ ಗಡ್ಡದ ಸರ್ದಾರಜಿ. ಮಾವನಿಗೆ ಶಿರಡಿ ಟ್ರಿಪ್ಪಿನ ಹಿಂದಿ ಇತ್ತು. ಎಷ್ಟು ವರ್ಷ ಎಂದು ಅವನು ಕೇಳಿದ, ತೀಸ್ ಸಾಲ್ ಎಂದ ಇವನು. ಅಷ್ಟಕ್ಕೇ ಸರ್ದಾರಜಿ ಅವನನ್ನು ಕರೆದುಕೊಂಡು ಹದಿನೆಂಟೋ ಇಪ್ಪತ್ತೆರಡೋ ಗಾಲಿಗಳನ್ನೆಲ್ಲ ಪರಿಚಯ ಮಾಡಿಸಿದ. ಊರಲ್ಲಿ ನೆಂಟರ ಮನೆಗೆ ಹೋದರೂ ಮಾವನಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ನಾನು ಕಂಡಿಲ್ಲ. ಕೊನೆಗೆ ಮಾವ ನನ್ನ ಕಡೆ ಬೊಟ್ಟು ಮಾಡಿ, ಈ ಹುಡುಗ ನನ್ನ ನಕಲು ಚೆನ್ನಾಗಿ ಮಾಡುತ್ತಾನೆ ಎಂದ. ತೋರಿಸಲಿ ಎಂದ ಸರ್ದಾರಜಿ.

"ಮಾಡು ತಮಾ" ಎಂದ ಮಾವ. "ಕುಮಟಾ ಮದುವೇಲಿ ಮಾಡಿದ್ಯಲ, ಅದು. ಎಲ್ಲರೂ ನೋಡಿದ್ದ. ಆನೊಬ್ಬ ನೋಡಿದ್ನಿಲ್ಲೆ."

ಇಲ್ಲ ಎನ್ನಲು ನನಗೆ ಬರುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಮಾಡಿದೆ. ತಂಗಿ ಎಂದೆ, ಗೇರು ಹಾಕಿದೆ. "ಆ ತಿರುವಿಗೆ ಮೂರು ಹಾಕ್ತ್ನಿಲ್ಲೆ. ಎರಡು" ಎಂದು ಮಾವ ತಿದ್ದಿದ. ಎರಡಕ್ಕೆ ಹಾಕಿದೆ. ಸರ್ದಾರಜಿ ಹೊಟ್ಟೆ ಹಿಡಿದು ನಗುತ್ತಿದ್ದ. ಕವಳ ಉಗುಳಿದೆ, ತಲೆ ಹೋಯಿತು, ಕೈ ಹೋಯಿತು, ದಿಬ್ಬಣ ಹೋಯಿತು. ಮುಗಿಸಿ ಕೈ ಮುಗಿದೆ.

ಸರ್ದಾರಜಿ ಕಣ್ಣೊರೆಸಿಕೊಂಡು ನನ್ನನ್ನೇ ಕೇಳಿದ. "ಇಳಿಯುವಾಗ ಪ್ರಪಾತ ಯಾವ ಬದಿಗೆ?"

ನನಗೆ ಗೊತ್ತಿರಲಿಲ್ಲ. ನೂರು ಸಲವಾದರೂ ಆ ಘಟ್ಟ ಇಳಿದಿದ್ದೇನೆ, ಐವತ್ತು ಸಲ ಆ ಗಾಡಿಯನ್ನು ಬೀಳಿಸಿದ್ದೇನೆ, ಅದನ್ನು ಮಾತ್ರ ನೋಡಿರಲಿಲ್ಲ.

"ಎಡಕ್ಕೆ" ಎಂದ ಮಾವ.

"ನೀನು ಹೋಗಿದ್ದು?"

"ಬಲಕ್ಕೆ. ಗುಡ್ಡದ ಬದಿ ಗಟಾರಕ್ಕೆ."

"ನಿಮ್ಮಲ್ಲಿ ಗಾಡಿ ಹೋಗುವುದು ಎಡಗಡೆ. ಹಾಗಾದರೆ ಎದುರಿನ ಗಾಡಿಗಳ ದಾರಿ ದಾಟಿ ಹೋಗಬೇಕು."

"ಒಂದು ಬಸ್ಸು ಬರ್ತಿತ್ತು. ಅದನ್ನ ಹೋಗಲು ಬಿಟ್ಟು ತಿರುಗಿಸಿದೆ."

ಸರ್ದಾರಜಿಯ ಮುಖದಲ್ಲಿ ಈಗ ನಗು ಇರಲಿಲ್ಲ. "ಬ್ರೇಕು?"

"ಪೈಪ್ ಒಡೆದಿತ್ತು. ಪೆಡಲ್ ಒತ್ತಿದರೆ ಹತ್ತಿ ಒತ್ತಿದ ಹಾಗೆ."

ಸರ್ದಾರಜಿ ಮಾವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ತಾನೂ ಒಮ್ಮೆ ಆ ಜಲ್ಲಿ ದಾರಿಗೆ ಹೋದವನೇ ಎಂದ. "ನನಗೆ ಸರ್ಕಾರ ಜಲ್ಲಿ ಹಾಸಿಟ್ಟಿತ್ತು, ಬೋರ್ಡೂ ಹಾಕಿತ್ತು. ನೀನು ನಿನ್ನದನ್ನು ಅಷ್ಟರಲ್ಲೇ ಹುಡುಕಿಕೊಳ್ಳಬೇಕಾಯಿತು." ನನ್ನನ್ನು ಅವನು ಮತ್ತೆ ನೋಡಲಿಲ್ಲ. ಲಾರಿ ಹತ್ತಿ ಹೊರಟುಹೋದ.

"ಮಾವ, ಇದನ್ನ ಯಾರಿಗೂ ಎಂತಕ್ಕೆ ಹೇಳಿದ್ದಿಲ್ಲೆ?" ಎಂದೆ. ನನ್ನ ದನಿ ಯಾರೋ ಸಣ್ಣ ಹುಡುಗನ ದನಿಯ ಹಾಗೆ ಬಂತು.

"ಹೇಳಿದ್ದಿ. ನಾಕು ಜನಕ್ಕೆ ಹೇಳಿದ್ದಿ. ಅಷ್ಟೊತ್ತಿಗೆ ನಿಂದು ಕೇಳಾಗಿತ್ತು."

"ಪೈಪ್ ಒಡೆದಿದ್ದು ಮೆಕ್ಯಾನಿಕ್ ನೋಡಿರವು ಅಲ್ದ?"

"ನೋಡಿದ್ದ. ಅವನ್ನ ಯಾರೂ ಮದುವೆಗೆ ಕರೆದಿತ್ತಿಲ್ಲೆ." ಮಾವನೇ ಮುಂದುವರಿಸಿದ. "ಆ ದಿನ ಬಾಯಲ್ಲಿ ಕವಳವೇ ಇತ್ತಿಲ್ಲೆ. ದಿಬ್ಬಣ ಕರ್ಕಂಡು ಹೋಪಕಾದ್ರೆ ಆನು ಹಾಕ್ತ್ನಿಲ್ಲೆ. ಆಮೇಲೆ ಪೂರ್ತಿ ಬಿಟ್ಟಿ. ಹಾಕಿದ್ದು ಕಂಡ್ರೆ ಜನ ನಗ್ತ."

ಆ ಮದುವೆಯ ನಂತರ ಎರಡು ಸೀಸನ್ನು ಅವನನ್ನು ಯಾರೂ ದಿಬ್ಬಣಕ್ಕೆ ಕರೆಯಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಡ್ರೈವರನಿಗೆ ವಯಸ್ಸಾಯಿತು ಎಂದು ನಾನೇ ನಾಲ್ಕು ಕಡೆ ವಿವರಿಸಿದ್ದೆ, ಅದೂ ಅವನ ದನಿಯಲ್ಲೇ.

ವಿನಯಾ ಹತ್ತು ಹೆಜ್ಜೆ ದೂರದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬಂದು ಅಪ್ಪನ ಎದುರು ಕೀಲಿ ಹಿಡಿದಳು. "ಈ ಘಟ್ಟ ನೀನೇ ಬಿಡು, ಅಪ್ಪ."

ಮಾವ ಕೀಲಿಯನ್ನು ನೋಡಿದ, ಮುಂದಿನ ಇಳಿಜಾರನ್ನು ನೋಡಿದ. ಕೈ ಮುಂದೆ ಬರಲಿಲ್ಲ.

"ಬ್ಯಾಡ ಕೂಸೇ. ಇಲ್ಲಿ ಬಿಟ್ರೆ ಯಾರಿಗೆ ಗೊತ್ತಾಗ್ತು?"

ಊರಿಗೆ ಬಂದವನೇ ನಾನು ಸರಕು ಬದಲಿಸಿದೆ. ಇನ್ನು ಮೇಲೆ ನಿಜವಾದದ್ದನ್ನೇ ಮಾಡುವುದು ಎಂದು ತೀರ್ಮಾನಿಸಿದೆ. ಸಿದ್ದಾಪುರದ ಒಂದು ಉಪನಯನದಲ್ಲಿ ಮಾಡಿದೆ: ಪೈಪು ಒಡೆಯಿತು, ಎಡಕ್ಕೆ ಪ್ರಪಾತ, ಎದುರಿಗೆ ಬಸ್ಸು, ಬಸ್ಸು ದಾಟಿತು, ಬಲಕ್ಕೆ ತಿರುಗಿಸಿದ. ಜನ ಸುಮ್ಮನೆ ನೋಡಿದರು. ಪಾಯಸ ಆರುತ್ತಿತ್ತು. "ಉಗುಳುದು ಯಾವಾಗ?" ಎಂದರು ಒಬ್ಬರು. ಉಗುಳಲಿಲ್ಲ ಎಂದೆ. ಯಲ್ಲಾಪುರದಲ್ಲೂ ಮಾಡಿದೆ. ಅಲ್ಲೊಬ್ಬ ಹಿರಿಯರು ನನ್ನ ಬೆನ್ನು ತಟ್ಟಿ, "ಕೆನಡಾಕ್ಕೆ ಹೋಗಿ ಬಂದ ಮೇಲೆ ನಿಂಗೆ ಮೊದಲಿನಷ್ಟು ಬತ್ತಿಲ್ಲೆ" ಎಂದು ಕನಿಕರಪಟ್ಟರು. ಮೂರನೇ ಕಡೆ ನಾನು ಬಾಯಿ ಬಿಡುವ ಮೊದಲೇ ಹತ್ತು ವರ್ಷದ ಹುಡುಗಿಯೊಬ್ಬಳು ಹಳೆಯದನ್ನು ಮಾಡಿ ತೋರಿಸಿದಳು. ಉಗುಳುವ ಜಾಗದಲ್ಲಿ ನನಗಿಂತ ಚೆನ್ನಾಗಿ ಮಾಡಿದಳು. ನಾನು ಬಿಟ್ಟ ಗಾಡಿಗೆ ಈಗ ನನ್ನ ಪೆಡಲಿನ ಹಂಗೇ ಇರಲಿಲ್ಲ.

ಇಷ್ಟರಲ್ಲಿ ಒಂದು ಅನಾಹುತವಾಗಿದೆ. ನನಗೆ ಮದುವೆ ಗೊತ್ತಾಗಿದೆ. ಹುಡುಗಿ ಕುಮಟಾ ಕಡೆಯವಳು. ಮಾತು ಕಡಿಮೆ, ಅಣಕಿಸಲು ಇನ್ನೂ ಏನೂ ಸಿಕ್ಕಿಲ್ಲ. ದಿಬ್ಬಣಕ್ಕೆ ಯಾರ ಗಾಡಿ ಎಂದು ಮನೆಯಲ್ಲಿ ಮಾತು ಬಂದಾಗ ದತ್ತುಮಾವನದು ಎಂದೆ. ಅಮ್ಮ ಸೌಟು ಕೆಳಗಿಟ್ಟಳು. "ಮದುವೆ ದಿನ ಅವನ ಗಾಡಿಯ? ತಲೆ ಹೋತು, ತಲೆ ಹಿಂದೆ ಕೈ ಹೋತು, ಕೈ ಹಿಂದೆ ದಿಬ್ಬಣ ಹೋತು!" ಪದ ನನ್ನದು, ರಾಗ ನನ್ನದು, ಕೈ ಬೀಸಿದ್ದೂ ನನ್ನ ಹಾಗೆಯೇ. ಹೆತ್ತ ತಾಯಿ ನನ್ನ ಮಿಮಿಕ್ರಿ ಮಾಡುತ್ತಿದ್ದಳು. ಆ ಮಾತು ಅಲ್ಲಿಗೇ ನಿಂತಿತ್ತು, ತಿಂಗಳಿನಿಂದ.

ಮೊನ್ನೆ ಬಸ್ಸು ಘಟ್ಟ ಇಳಿಯುವಾಗ ಮೊದಲ ಸಲ ನಾನು ಎಡಗಡೆ ನೋಡಿದೆ. ಕಾಡಿನ ನೆತ್ತಿಗಳು ಎಷ್ಟೋ ಕೆಳಗೆ ಇದ್ದವು. ಬಲಗಡೆ ಗಟಾರ ಇನ್ನೂ ಇತ್ತು, ಮೊಣಕಾಲಾಳದ್ದು. ಕೆಳಗೆ ಸಿಗ್ನಲ್ ಸಿಕ್ಕಿದ ಕೂಡಲೇ ಮಾವನಿಗೆ ಫೋನ್ ಮಾಡಿ, ನನ್ನ ದಿಬ್ಬಣಕ್ಕೆ ಗಾಡಿ ಬೇಕು ಎಂದೆ.

"ಎಷ್ಟು ಜನ?" ಎಂದ ಮಾವ, ಮೂವತ್ತು ವರ್ಷ ಕೇಳಿದ ಹಾಗೆಯೇ.

"ಹನ್ನೆರಡು."

"ಯಾವ ದಾರಿ?"

"ದೇವಿಮನೆ."

"ಬೇರೆ ಗಾಡಿ ಸಿಕ್ಕಿದ್ದಿಲ್ಯ?"

"ಹುಡುಕಿದ್ನಿಲ್ಲೆ."

"ನಿನ್ನ ಅಮ್ಮ ಒಪ್ಪಿದ್ದಾ?"

"ಇಲ್ಲೆ."

ಮಾವ ಗಂಟಲು ಸರಿಮಾಡಿಕೊಂಡ.

"ಮದುಮಗ ಹೇಳಿ ನೀ ಮುಂದೆ ಕೂರಲಾಗ, ತಮಾ. ಹಿಂದೆ ಬಾಯಿ ಮುಚ್ಚಿ ಕೂತ್ಗ. ಮುಂದಿನ ಸೀಟಿಗೆ ಅಮ್ಮನ್ನ ಕೂರ್ಸು. ಅಲ್ಲಿಂದ ಎಡಬದಿ ಪೂರಾ ಕಾಣ್ತು."